ಮ್ಯಾಕ್ ಸಾಹೇಬರ ಗಂಟಲು

ಮೊದಲೇ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ನೀವೇ ಕಂಡುಹಿಡಿದು ಬೈಯೋದು ಬೇಡ. ನನಗೆ ಬಂದ ಕಾಯಿಲೆಯನ್ನು ನಾನು ಪ್ರತಿಭೆ ಅಂದುಕೊಂಡಿದ್ದೆ. ಗಂಟಲೊಳಗೆ ಗುಳ್ಳೆ ಸಾಕಿಕೊಂಡು ವಾರಗಟ್ಟಲೆ ಅದಕ್ಕೆ ಚಪ್ಪಾಳೆ ಗಿಟ್ಟಿಸಿದ್ದೇನೆ. ಧ್ವನಿ ಕಟ್ಟಿದರೆ ಬೇರೆಯವರು ಡಾಕ್ಟರ ಹತ್ತಿರ ಓಡ್ತಾರೆ. ನಾನು ಮೈಕ್ ಹತ್ತಿರ ಓಡಿದೆ.

ಹೆಸರು ಚೇತನ್, ಮನೆಯವರಿಗೆ ಚೇತು. ಯಲಹಂಕದ ಹಳೇ ಊರಿನವನು. ಬಾಗಲೂರು ಕಡೆ ಹೋಗುವ ರಸ್ತೆಯಲ್ಲಿ ನನ್ನ ಗೆಳೆಯ ಸಲೀಂನದೊಂದು ಫುಟ್‌ಬಾಲ್ ಟರ್ಫ್ ಇದೆ. ಹಸಿರು ಪ್ಲಾಸ್ಟಿಕ್ ಹುಲ್ಲು, ಸುತ್ತ ಬಲೆ, ಗಂಟೆ ಲೆಕ್ಕದ ಬಾಡಿಗೆ. ವಾರದ ದಿನ ಅಲ್ಲಿ ಬುಕಿಂಗ್ ನೋಡಿಕೊಳ್ಳೋದು, ಭಾನುವಾರದ ಪಂದ್ಯಗಳಿಗೆ ಕಾಮೆಂಟರಿ ಹೇಳೋದು ನನ್ನ ಕೆಲಸ. ಕಾಮೆಂಟರಿ ಅನ್ನೋದು ನೆಪ, ನಿಜವಾಗಿ ನಡೆಯೋದು ಮಿಮಿಕ್ರಿ. ಮೆಟ್ರೋ ಬಾಗಿಲು ಮುಚ್ಚುವಾಗ ಮಾತಾಡುವ ಆ ಹೆಂಗಸು, ಚಿಲ್ಲರೆ ಇಲ್ಲ ಅನ್ನುವ ಕಂಡಕ್ಟರ್, ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವ ನಮ್ಮಮ್ಮ, ಹುಡುಗಿ ತಾನಾಗಿ ಮಾತಾಡಿಸಿದರೆ ತೊದಲುವ ಸ್ವತಃ ನಾನು. ಯಾರನ್ನೂ ಬಿಟ್ಟವನಲ್ಲ. ಆದರೆ ಜನ ಕಾದು ಕೂರುತ್ತಿದ್ದದ್ದು ಮ್ಯಾಕ್ ಸಾಹೇಬರಿಗೆ.

ಮ್ಯಾಕ್ ಸಾಹೇಬರನ್ನು ನಾನು ನೋಡಿಲ್ಲ. ನನ್ನ ತಾತ ನೋಡಿದ್ದಾರೆ. ತಾತನಿಗೆ ಈಗ ಎಂಬತ್ತರ ಹತ್ತಿರ. ಹುಡುಗನಾಗಿದ್ದಾಗ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದು ಕೈಕೆಲಸ ಬರುತ್ತೆ ಅಂತಲ್ಲ, ಚೆನ್ನಾಗಿ ಓಡ್ತಾನೆ ಅಂತ. ಆಗ ಕಾರ್ಖಾನೆಗಳಿಗೆಲ್ಲ ಸ್ವಂತ ಫುಟ್‌ಬಾಲ್ ತಂಡ ಇರುತ್ತಿತ್ತು. ನಮ್ಮ ತಾತನ ತಂಡಕ್ಕೆ ತರಬೇತಿ ಕೊಡುತ್ತಿದ್ದದ್ದು ಮೆಷಿನ್ ಕೂಡಿಸೋಕೆ ಅಂತ ಬಂದು ಇಲ್ಲೇ ಉಳಿದುಬಿಟ್ಟ ಒಬ್ಬ ಸ್ಕಾಟ್ಲೆಂಡಿನ ಫಿಟ್ಟರ್. ಪೂರ್ತಿ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲವಂತೆ, ಅದಕ್ಕೇ ಮ್ಯಾಕ್ ಸಾಹೇಬರು.

ಅವರ ಕಥೆ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಕಲ್ಲಿದ್ದಲು ಗಣಿಯ ಊರು. ಅಪ್ಪ, ಅಣ್ಣ ಎಲ್ಲ ಗಣಿಗಿಳಿಯುವವರು. ಹುಡುಗನೂ ಇಳಿದ. ವಾರವೆಲ್ಲ ಭೂಮಿಯೊಳಗೆ, ಶನಿವಾರ ಮಾತ್ರ ಮೇಲೆ, ಮೈದಾನದಲ್ಲಿ. ಮಳೆಯಲ್ಲಿ ನೆಂದ ಚರ್ಮದ ಚೆಂಡು ಒದ್ದೆ ಗೋಣಿಚೀಲದಷ್ಟು ಭಾರ. ಅದನ್ನು ತಲೆಯಲ್ಲಿ ಹೊಡೆದು ಹೊಡೆದು ತನ್ನ ಕೂದಲು ಉದುರಿತು ಅಂತ ಸಾಹೇಬರು ಹೇಳುತ್ತಿದ್ದರಂತೆ. ಊರಿನ ಕ್ಲಬ್ಬಿನಿಂದ ದೊಡ್ಡ ಕ್ಲಬ್ಬು, ಅಲ್ಲಿಂದ ಇಂಗ್ಲೆಂಡಿನ ಕ್ಲಬ್ಬು. ಒಂದೇ ಒಂದು ಸಲ ದೇಶದ ತಂಡಕ್ಕೆ ಕರೆ ಬಂತು, ಅದೂ ಹನ್ನೆರಡನೆಯವನಾಗಿ. ಆ ಕಾಲದಲ್ಲಿ ಆಟದ ಮಧ್ಯೆ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕುವ ಹಾಗಿರಲಿಲ್ಲ. ಆಟಕ್ಕೆ ಮುಂಚೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಮಾತ್ರ ಹನ್ನೆರಡನೆಯವನಿಗೆ ಭಾಗ್ಯ. ಅವತ್ತು ಯಾರ ಹೊಟ್ಟೆಯೂ ಕೆಡಲಿಲ್ಲ. ಕೋಟು ಹಾಕಿಕೊಂಡು ಕೂತು ಪೂರ್ತಿ ಆಟ ನೋಡಿ ಎದ್ದು ಬಂದರು. ಆಮೇಲೆ ಮಂಡಿ ಹೋಯಿತು. ಮೆಟ್ಟಿಲಿಳಿದ ಹಾಗೆ ಸಣ್ಣ ಕ್ಲಬ್ಬು, ಅದಕ್ಕಿಂತ ಸಣ್ಣ ಕ್ಲಬ್ಬು, ಕೊನೆಗೆ ಸ್ಪ್ಯಾನರ್ ಹಿಡಿದು ನಮ್ಮ ಯಶವಂತಪುರ.

ಕನ್ನಡ ಕಲಿತದ್ದು ಕೆಲಸಗಾರರಿಂದ. ಹಾಗಾಗಿ ಆಟಗಾರನಿಂದ ಹಿಡಿದು ಕಾರ್ಖಾನೆಯ ಮ್ಯಾನೇಜರ್ ತನಕ, ಮೈದಾನಕ್ಕೆ ನುಗ್ಗಿದ ಎಮ್ಮೆಯ ತನಕ ಎಲ್ಲರಿಗೂ ಒಂದೇ ಸಂಬೋಧನೆ, ‘ಬಾ ಮಗಾ’. ಒರಟು, ಒಡೆದ ಗಂಟಲು. ಕೂಗಿ ಕೂಗಿ ಹಾಗಾಗಿತ್ತಂತೆ. ಆಮೇಲೆ ಏನಾದ್ರು ಅಂತ ಕೇಳಿದರೆ ತಾತ ‘ಊರಿಗೆ ಓದ’ ಅಂತಷ್ಟೇ ಹೇಳಿ ಟೀವಿ ಕಡೆ ತಿರುಗುತ್ತಿದ್ದರು.

ಇದಿಷ್ಟನ್ನು ನಾನು ಟರ್ಫ್‌ಗೆ ತಂದೆ. ಐಟಿ ಕಂಪನಿಯ ತಂಡಗಳು ಆಡುವಾಗ ಮೈಕ್‌ನಲ್ಲಿ ಮ್ಯಾಕ್ ಸಾಹೇಬರಾಗಿ ಬೈಯುತ್ತಿದ್ದೆ. ‘ಏನ್ ಮಗಾ, ಚೆಂಡ್ ಬಂದ್ರೆ ಮೀಟಿಂಗ್ ಕರೀತೀಯಾ? ಒದಿ ಮಗಾ.’ ಜನ ಬಿದ್ದು ಬಿದ್ದು ನಗೋರು. ವಿಡಿಯೋ ಹರಿದಾಡಿತು. ವಾರಕ್ಕೊಂದು ದಿನ ಇದ್ದದ್ದು ಮೂರು ದಿನ ಆಯಿತು. ಅಷ್ಟರಲ್ಲಿ ನನ್ನ ಧ್ವನಿ ತಾನಾಗಿ ಒರಟಾಗತೊಡಗಿತು. ಬೆಳಿಗ್ಗೆ ಎದ್ದರೆ ಗಂಟಲಲ್ಲಿ ಮರಳು. ನಾನು ಹೆದರಬೇಕಿತ್ತು. ಹಿಗ್ಗಿದೆ. ಸಾಹೇಬರ ಪಾತ್ರಕ್ಕೆ ಮೊದಲೆಲ್ಲ ಗಂಟಲು ಬಿಗಿ ಹಿಡಿಯಬೇಕಾಗುತ್ತಿತ್ತು, ಈಗ ಬಾಯಿ ಬಿಟ್ಟರೆ ಸಾಕು, ಅವರೇ ಬರುತ್ತಿದ್ದರು.

ಸ್ವಲ್ಪ ದಿನ ಕಳೆದ ಮೇಲೆ ಒಂದು ತೊಂದರೆ ಗೊತ್ತಾಯಿತು. ಬಂದ ಸಾಹೇಬರು ವಾಪಸ್ ಹೋಗುತ್ತಿಲ್ಲ. ಮೆಟ್ರೋ ಹೆಂಗಸು ಬರಲಿಲ್ಲ, ಅಮ್ಮ ಬರಲಿಲ್ಲ. ಆಗ ಮನೆಯಲ್ಲಿ ಹೇಳಿದೆ, ಅಮ್ಮಾ ಗಂಟಲು ಸರಿಯಿಲ್ಲ ಅಂತ. ಅಮ್ಮ ಒಗ್ಗರಣೆಯಿಂದ ಕಣ್ಣು ತೆಗೆಯದೆ, ‘ಇದ್ಯಾರ್ದೋ ಧ್ವನಿ? ನಿಮ್ ದೊಡ್ಡಪ್ಪಂದಾ? ಪರ್ವಾಗಿಲ್ಲ, ಚೆನ್ನಾಗಿ ಬಂದಿದೆ’ ಅಂದಳು. ತಂಗಿ ಶ್ವೇತ ಒನ್ಸ್‌ಮೋರ್ ಅಂದಳು. ಅಪ್ಪ ಟಿ. ದಾಸರಹಳ್ಳಿಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದು ಇದನ್ನೆಲ್ಲ ಕೇಳಿ, ನಮ್ಮಣ್ಣ ಹಾಗೆ ಮಾತಾಡೋದಿಲ್ಲ ಅಂತ ತಕರಾರು ತೆಗೆದರು. ಮೆಡಿಕಲ್ ಶಾಪಿನವನು ನನ್ನ ವಿಡಿಯೋ ನೋಡಿದ್ದವನು, ಗುರು ಇನ್ನೊಂದ್ಸಲ ಹೇಳಿ ಅಂತ ಫೋನ್ ತೆಗೆದ. ನಾನು ಕೆಮ್ಮಿನ ಔಷಧಿ ಕೇಳುತ್ತಿದ್ದೆ. ಮನೆಗೆ ಬಂದು ಕರಿಮೆಣಸಿನ ಕಷಾಯ ಕುಡಿದು, ಭಾನುವಾರ ಮತ್ತೆ ಮೈಕ್ ಹಿಡಿದೆ.

ಆ ಭಾನುವಾರ ಸಲೀಂ ಒಂದು ಸಣ್ಣ ಟೂರ್ನಿ ಇಟ್ಟಿದ್ದ. ಹಳೇ ಆಟಗಾರರು ಅಂತ ತಾತನನ್ನೇ ಕಪ್ ಕೊಡೋಕೆ ಕರೆದಿದ್ದ. ತಾತ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು, ಪ್ಲಾಸ್ಟಿಕ್ ಹುಲ್ಲನ್ನು ಚಪ್ಪಲಿಯಲ್ಲಿ ಕೆದಕಿ ನೋಡಿ, ಇದ್ರಲ್ಲಿ ಆಡ್ತೀರೇನ್ರೋ, ಕಾಲೊರೆಸೋ ಮ್ಯಾಟ್ ಇದ್ದಂಗೈತೆ ಅಂತ ಹೇಳಿ ಕುರ್ಚಿಯಲ್ಲಿ ಕೂತರು. ಅವರ ಗೌರವಾರ್ಥ ನಾನು ಸಾಹೇಬರನ್ನು ಕರೆಸಿ, ತಾತನ ಹೆಸರು ಹಿಡಿದೇ ಕೂಗಿಸಿದೆ. ‘ಬಾ ಮಗಾ, ಶಂಕ್ರಪ್ಪಾ, ಬಲಗಡೆ ಓಡು ಮಗಾ, ಹಿಂದೆ ನೋಡ್ಬೇ...’ ಅಲ್ಲಿಗೆ ಧ್ವನಿ ನಿಂತಿತು. ಬರೀ ಗಾಳಿ ಬಂತು. ಜನ ಶಿಳ್ಳೆ ಹೊಡೆದರು. ನಾನು ಬೇಕಂತಲೇ ಮಾಡಿದವನ ಹಾಗೆ ಬಗ್ಗಿ ನಮಸ್ಕಾರ ಮಾಡಿದೆ.

ತಾತ ನಗಲಿಲ್ಲ. ಕಪ್ ಕೊಟ್ಟರು, ಫೋಟೋಗೆ ನಿಂತರು. ಆಮೇಲೆ ನನ್ನ ಸ್ಕೂಟರ್ ಪಕ್ಕ ಬಂದು ನಿಂತು ಕೇಳಿದರು.

‘ಮ್ಯಾಕು ಕೊನೇ ವರ್ಸ ಮಾತಾಡ್ತಿದ್ದಿದ್ದು ನಿಂಗ್ಯಾರು ಏಳ್ಕೊಟ್ರು?’

ಯಾರೂ ಇಲ್ಲ ತಾತ, ತಾನಾಗೇ ಬಂತು ಅಂದೆ.

‘ಮಾತು ಮುಗಿಯಾಕೆ ಮುಂಚೆ ಉಸ್ರು ಮುಗಿಯೋದು ಅವ್ನಿಗೆ. ಅದ್ನ ನಾನು ಯಾರಿಗೂ ಏಳಿಲ್ಲ. ನೀನು ನಕಲು ಮಾಡ್ದಾಗೆಲ್ಲ ಒಂದಲ್ಲ ಒಂದು ತಪ್ಪಿರೋದು ಕಣ್ಲಾ. ಇವತ್ತು ಒಂದೂ ತಪ್ಪಿಲ್ಲ.’

ಹೊಗಳಿಕೆ ಅಂತ ಒಂದು ಕ್ಷಣ ಹಲ್ಲು ಕಿರಿದೆ. ತಾತನ ಮುಖ ನೋಡಿ ಹಲ್ಲು ಒಳಗೆ ಹೋಯಿತು.

ಮಾರನೇ ದಿನ ಅದೇ ಬಿಳಿ ಶರ್ಟಿನಲ್ಲಿ ತಾತ ನನಗಿಂತ ಮೊದಲೇ ತಯಾರಾಗಿ ಗೇಟಿನ ಹತ್ತಿರ ನಿಂತಿದ್ದರು. ಹೆಬ್ಬಾಳದ ಕಡೆ ಒಂದು ಆಸ್ಪತ್ರೆ. ಕಿವಿ ಮೂಗು ಗಂಟಲಿನ ವಿಭಾಗದಲ್ಲಿ ಕಾಯುವುದು ಒಂದು ವಿಚಿತ್ರ ಅನುಭವ. ಕೂತವರಲ್ಲಿ ಅರ್ಧ ಜನಕ್ಕೆ ಕೇಳಿಸೋದಿಲ್ಲ, ಇನ್ನರ್ಧ ಜನಕ್ಕೆ ಮಾತು ಬರೋದಿಲ್ಲ. ನರ್ಸ್ ಹೆಸರು ಕೂಗಿದರೆ ಒಂದು ಗುಂಪು ತಿರುಗಲ್ಲ, ಇನ್ನೊಂದು ಗುಂಪು ‘ಬಂದೆ’ ಅನ್ನಲ್ಲ. ಆದರೂ ಎಲ್ಲರೂ ಹೇಗೋ ಒಳಗೆ ಹೋಗಿ ಬರುತ್ತಿದ್ದರು. ಪಕ್ಕದ ಅಜ್ಜಿ ತಮ್ಮ ಕಿವಿಯ ಕಥೆಯನ್ನೆಲ್ಲ ನನಗೆ ಹೇಳಿ, ನಿಂಗೇನಪ್ಪಾ ಅಂತ ಕೇಳಿದರು. ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಆದರೂ ‘ಎಲ್ಲಾ ಸರಿ ಹೋಗುತ್ತೆ’ ಅಂದರು. ಅವತ್ತು ಯಾರಾದರೂ ಹೇಳಿದ ಮೊದಲ ಒಳ್ಳೆ ಮಾತು ಅದೇ.

ಒಳಗೆ ಡಾಕ್ಟರ್ ಮೇಡಂ ಯಾವಾಗಿನಿಂದ ಅಂತ ಕೇಳಿದರು. ನಾನು ಬಾಯಿ ತೆರೆದ ಕೂಡಲೇ ನರ್ಸ್ ಕಿಸಕ್ಕಂತ ನಕ್ಕು, ಮೇಡಂ ಇವ್ರು ಮಿಮಿಕ್ರಿಯವರು, ನಾನು ನೋಡಿದೀನಿ ಅಂದರು. ಅಲ್ಲೂ ಕೂಡ. ಮೇಡಂ ನಗದೆ ಮೂಗಿಗೆ ಮರಗಟ್ಟಿಸುವ ಔಷಧಿ ಹೊಡೆದು, ಶಾವಿಗೆಯಷ್ಟು ಸಣ್ಣ ಕ್ಯಾಮೆರಾ ಇಳಿಸಿದರು. ‘ಈ’ ಅನ್ನಿ ಅಂದರು. ಹೆದರಿಕೆಯಾದರೆ ನನಗೆ ಬೇರೆಯವರು ಬಂದುಬಿಡ್ತಾರೆ. ಅಪಾರ್ಟ್‌ಮೆಂಟ್ ಅಧ್ಯಕ್ಷನ ಗತ್ತಿನಲ್ಲಿ ‘ಈ’ ಅಂದೆ. ಮೇಡಂ, ‘ನಿಮ್ಮ “ಈ” ಹೇಳಿ, ಬೇರೆಯವರದ್ದು ನಾನು ಆಮೇಲೆ ನೋಡ್ತೀನಿ’ ಅಂದರು.

ಪರದೆಯ ಮೇಲೆ ನನ್ನ ಗಂಟಲು. ಎರಡು ಬಿಳಿ ಪಟ್ಟಿ, ಒಂದರ ಅಂಚಿನಲ್ಲಿ ಕೆಂಪಗೆ ಒಂದು ಗಂಟು. ಅದನ್ನು ತೆಗೆಯಬೇಕು ಅಂದರು. ನೋಡೋಕೆ ಸಾಮಾನ್ಯ ಗುಳ್ಳೆ ಥರಾನೇ ಇದೆ, ಆದರೆ ತೆಗೆದ ಮೇಲೆ ಪರೀಕ್ಷೆಗೆ ಕಳಿಸಬೇಕು, ಅಲ್ಲೀತನಕ ಏನೂ ಹೇಳಕ್ಕಾಗಲ್ಲ ಅಂದರು. ಧ್ವನಿ ಮೊದಲಿನ ಹಾಗೇ ಬರುತ್ತಾ ಅಂದೆ. ಸಾಮಾನ್ಯವಾಗಿ ಬರುತ್ತೆ ಅಂದರು. ಆ ‘ಸಾಮಾನ್ಯವಾಗಿ’ ಅನ್ನೋದು ಮನೆಯ ತನಕ ಸ್ಕೂಟರಿನ ಹಿಂದೆ ಕೂತು ಬಂತು.

ಹೊರಡುವ ಮುಂಚೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಾತ ಕಾಫಿ ಕೊಡಿಸಿ, ಇಷ್ಟು ವರ್ಷ ಹೇಳದೆ ಉಳಿಸಿಕೊಂಡ ಕಥೆಯ ಬಾಲವನ್ನು ಹೇಳಿದರು. ಕೊನೆಯ ವರ್ಷ ಸಾಹೇಬರ ಧ್ವನಿ ಹೀಗೇ ನಡುವೆ ನಿಲ್ಲುತ್ತಿತ್ತು. ಕೂಗಿ ಹಾಗಾಗಿದೆ ಅಂತ ಎಲ್ಲರೂ ಅಂದುಕೊಂಡರು, ಅವರೂ ಹಾಗೇ ಅಂದುಕೊಂಡರು. ಟೂರ್ನಿ ಮುಗಿಯಲಿ, ಆಮೇಲೆ ನೋಡಿಸೋಣ ಅಂದರು. ಟೂರ್ನಿ ಮುಗಿದ ಮೇಲೆ ಊರಿಗೆ ಹೋಗಿ ತೋರಿಸಿಕೊಂಡು ಬರ್ತೀನಿ ಅಂತ ಹೋದರು. ಬರಲಿಲ್ಲ. ತೀರಿಕೊಂಡರು, ಗಂಟಲಿನದೇ ಕಾಯಿಲೆ ಅಂತ ಆಮೇಲೆ ಕಾರ್ಖಾನೆಗೆ ಸುದ್ದಿ ಬಂತು. ತಾತ ಇದನ್ನು ಹೇಳಿ, ಕಾಫಿಗೆ ಸಕ್ಕರೆ ಹಾಕಿಲ್ಲ ಇವ್ರು ಅಂತ ಲೋಟ ದೂರ ಇಟ್ಟರು. ಹಾಕಿದ್ದರು. ನಾನೂ ಅದನ್ನೇ ಕುಡಿಯುತ್ತಿದ್ದೆ.

ಮನೆಯಲ್ಲಿ ಸುದ್ದಿ ಹೇಳಿದ ಮೇಲೆ ಎಲ್ಲರೂ ವಿಚಿತ್ರವಾದರು. ಶ್ವೇತ ಫೋನಿನಲ್ಲಿ ಏನೋ ಹುಡುಕಿ, ಮುಖ ಬಿಳಿಚಿಕೊಂಡು, ಡೇಟಾ ಮುಗೀತು ಅಂತ ಫೋನ್ ಮಗುಚಿಟ್ಟಳು. ಅಪ್ಪ ತೊಳೆದ ಸ್ಕೂಟರನ್ನೇ ಮತ್ತೆ ತೊಳೆದರು. ಅಮ್ಮನೇ ನನ್ನನ್ನು ಹೆದರಿಸಿದ್ದು. ನಾನು ಮಾತು ಕಲಿತ ದಿನದಿಂದ ‘ಬಾಯ್ಮುಚ್ಚೋ’ ಅಂತ ಬೈಯುತ್ತಾ ಬಂದವಳು, ಪಕ್ಕದಲ್ಲಿ ಕೂತು ‘ಏನಾದ್ರೂ ಮಾತಾಡೋ ಚೇತು’ ಅಂದಳು. ಆಪರೇಷನ್‌ಗೆ ಹೊರಡುವ ಮುಂಚೆ ಶ್ವೇತ, ನನಗೆ ಬೋರ್ ಆಗ್ತಿದೆ, ಎಲ್ಲರ ಧ್ವನಿಯೂ ಮಾಡು ಅಂತ ಪೀಡಿಸಿದಳು. ಬಂದಷ್ಟು ಮಾಡಿದೆ. ಫೋನು ದಿಂಬಿನ ಕೆಳಗೆ ರೆಕಾರ್ಡ್ ಮಾಡುತ್ತಿದ್ದದ್ದು ಕಾಣಿಸಿತು. ಕಳ್ಳಿ ಸಿಕ್ಕಿಬಿದ್ದಳು ಅಂತ ಸ್ವಲ್ಪ ಹೊತ್ತಾದ ಮೇಲೆ ಕಿತ್ತುಕೊಂಡು ನೋಡಿದರೆ, ಮಿಮಿಕ್ರಿ ಒಂದೂ ಇಲ್ಲ, ಎಲ್ಲ ಅಳಿಸಿದ್ದಳು. ಉಳಿಸಿಕೊಂಡದ್ದು ಒಂದೇ ತುಣುಕು. ನಾನು ‘ಲೇ ಕೋತಿ, ನೀರು ತಗೊಂಬಾರೆ’ ಅಂದದ್ದು. ನೀರು ತಂದುಕೊಟ್ಟಳು, ಅದೇ ದೊಡ್ಡ ಸುದ್ದಿ.

ಆಪರೇಷನ್ ಬಗ್ಗೆ ನನಗೇನೂ ಗೊತ್ತಿಲ್ಲ, ನಾನು ನಿದ್ದೆಯಲ್ಲಿದ್ದೆ. ಎದ್ದ ಮೇಲೆ ಮೇಡಂ ಹೇಳಿದ್ದು ಒಂದೇ: ಮುಂದಿನ ಸಲ ಬಂದು ತೋರಿಸುವ ತನಕ ಒಂದಕ್ಷರ ಮಾತಾಡಬಾರದು, ಪಿಸುಗುಟ್ಟಲೂ ಬಾರದು, ಪಿಸುಮಾತು ಇನ್ನೂ ಕೆಟ್ಟದ್ದು. ಸಲೀಂ ನೋಡೋಕೆ ಬಂದವನು ಮಂಚದ ಪಕ್ಕ ಕೂತು, ‘ಮಚ್ಚಾ, ಇಷ್ಟ್ ವರ್ಷದಲ್ಲಿ ಫಸ್ಟ್ ಟೈಮ್ ನನ್ ಮಾತು ಮುಗೀತು ಕಣೋ’ ಅಂದ. ಬೈಯೋಕೆ ಬಾಯಿಲ್ಲದೆ ದಿಂಬು ಎಸೆದೆ.

ಫೋನಿನಲ್ಲಿ ಬರೆದು ತೋರಿಸಬಹುದಿತ್ತು. ಆದರೆ ಅಮ್ಮ ಕನ್ನಡಕ ಹುಡುಕುವಷ್ಟರಲ್ಲಿ ನನ್ನ ಜೋಕು ಹಳಸಿಹೋಗುತ್ತಿತ್ತು. ಆಗ ತಾತ ಸಾಹೇಬರ ಕೈಸನ್ನೆಗಳನ್ನು ತೆಗೆದರು. ಧ್ವನಿ ಹೋದ ಆ ಕೊನೆಯ ವರ್ಷ ಸಾಹೇಬರು ಗೆರೆಯಾಚೆ ನಿಂತು ಕೈಯಲ್ಲೇ ತಂಡ ನಡೆಸಿದ್ದರಂತೆ. ತಲೆಯ ಮೇಲೆ ಅಂಗೈ ಇಟ್ಟರೆ ವಾಪಸ್ ಬಾ. ಎರಡೂ ಅಂಗೈ ಕೆಳಗೆ ಒತ್ತಿದರೆ ನಿಧಾನ. ಕಿವಿ ಹಿಡಿದರೆ ಚೆಂಡು ಒಬ್ಬನೇ ಇಟ್ಟುಕೋಬೇಡ. ಎದೆ ತಟ್ಟಿದರೆ ಚೆಂಡು ನಿನ್ನದೇ, ಹೋಗು.

ನಮ್ಮ ಮನೆಯಲ್ಲಿ ಅವು ಬೇಗ ಸಂಸಾರಕ್ಕೆ ಹೊಂದಿಕೊಂಡವು. ತಲೆ ಮೇಲೆ ಕೈ ಅಂದರೆ ಇನ್ನೊಂದು ಸೌಟು ಸಾರು. ಕಿವಿ ಹಿಡಿದರೆ ಶ್ವೇತ ರಿಮೋಟ್ ಬಿಟ್ಟುಕೊಡಬೇಕು. ನಾನು ಮರೆತು ಬಾಯಿ ತೆರೆದರೆ ಅಮ್ಮ ಅಡುಗೆಮನೆಯಿಂದಲೇ ಲಟ್ಟಣಿಗೆ ಸಮೇತ ಎರಡೂ ಕೈ ಕೆಳಗೆ ಒತ್ತುತ್ತಿದ್ದಳು, ನಿಧಾನ. ಸ್ಕಾಟ್ಲೆಂಡಿನ ಗಣಿಯ ಊರಿನ ಮನುಷ್ಯ ಯಶವಂತಪುರದ ಮೈದಾನದಲ್ಲಿ ಮಾಡಿದ ಸನ್ನೆಗೆ ಯಲಹಂಕದಲ್ಲಿ ಬಿಸಿ ಮುದ್ದೆ ಬರುತ್ತಿತ್ತು. ತಮಾಷೆ ಅಂದರೆ, ಅಷ್ಟು ವರ್ಷ ಅವರ ಗಂಟಲನ್ನು ನಕಲು ಮಾಡಿದ ನಾನು ಈಗ ಅವರ ಕೈಯನ್ನು ನಕಲು ಮಾಡದೆ ಊಟ ಸಿಗುತ್ತಿರಲಿಲ್ಲ.

ಹಗಲು ಸುಮ್ಮನೆ ಕೂತಿರೋದು ಕಷ್ಟ. ಒಂದು ಮಧ್ಯಾಹ್ನ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ. ತಾತ ಬಂದು ಕಾಲ ಹತ್ತಿರ ಕೂತು, ದೇಶದ ತಂಡದಲ್ಲಿ ಕೋಟು ಹಾಕಿಕೊಂಡು ಕೂತ ಆ ಆಟದ ಬಗ್ಗೆ ಮತ್ತೆ ಹೇಳಿದರು. ಬೇಜಾರಾಗಲಿಲ್ವಾ ಅಂತ ಹುಡುಗರು ಸಾಹೇಬರನ್ನು ಕೇಳಿದ್ದರಂತೆ. ಆಗಿತ್ತು ಅಂದರಂತೆ ಅವರು. ಆದರೆ ಪೂರ್ತಿ ಆಟ ಬೂಟಿನ ಲೇಸು ಬಿಚ್ಚಲಿಲ್ಲವಂತೆ. ಇದನ್ನೇ ನಾನು ಮೈಕ್‌ನಲ್ಲಿ ಎಷ್ಟೋ ಸಲ ಜೋಕು ಮಾಡಿ ನಗಿಸಿದ್ದೇನೆ. ಅವತ್ತು ಗೋಡೆ ಕಡೆಯಿಂದ ಈ ಕಡೆ ತಿರುಗಿದೆ.

ಫಲಿತಾಂಶದ ದಿನ ಮೂರು ಜನ ಹೋದೆವು, ನಾನು, ಅಮ್ಮ, ತಾತ. ಅಮ್ಮ ದಾರಿಯುದ್ದಕ್ಕೂ ಮನೆ ಬೀಗ ಹಾಕಿದೆನೋ ಇಲ್ಲವೋ ಅಂತ ಚಿಂತೆ ಮಾಡಿದಳು. ಬೇರೆ ಚಿಂತೆ ಮಾಡೋಕೆ ಧೈರ್ಯ ಇರಲಿಲ್ಲ ಪಾಪ. ಮೇಡಂ ಕಂಪ್ಯೂಟರ್ ನೋಡುತ್ತಾ ಕೂತಿದ್ದರು. ಡಾಕ್ಟರುಗಳು ಪರದೆ ಓದುವಾಗ ಹುಬ್ಬು ಆಡಿಸಬಾರದು ಅಂತ ಒಂದು ಕಾನೂನು ಬರಬೇಕು. ಒಂದು ಹುಬ್ಬು ಮೇಲೆ ಹೋಯಿತು, ನನ್ನ ಜೀವವೂ ಹೋಯಿತು. ಆಮೇಲೆ ಅವರು ಕುರ್ಚಿ ತಿರುಗಿಸಿ, ‘ಏನೂ ಇಲ್ಲ, ಬರೀ ಗುಳ್ಳೆ. ಕೆಟ್ಟದ್ದೇನೂ ಇಲ್ಲ’ ಅಂದರು.

ಅಮ್ಮ ಅಳೋಕೆ ಶುರು ಮಾಡಿದಳು. ನನಗೆ ಕುಣಿದು ಕೂಗಬೇಕು ಅನ್ನಿಸಿತು, ಕೂಗುವ ಹಾಗಿಲ್ಲ. ತಾತ ಮೇಡಂ ಕೈಲಿ ಇನ್ನೊಂದು ಸಲ ಹೇಳಿಸಿದರು. ನಮ್ಮ ತಾತನ ಕಿವಿ ಚುರುಕು, ಮೊದಲ ಸಲವೇ ಕೇಳಿಸಿತ್ತು. ಮತ್ತೆ ಕೇಳಬೇಕು ಅನ್ನಿಸಿತ್ತು, ಅಷ್ಟೇ. ಆಮೇಲೆ ಅಮ್ಮನ ಕಡೆ ತಿರುಗಿ ಎರಡೂ ಅಂಗೈ ಕೆಳಗೆ ಒತ್ತಿದರು, ನಿಧಾನ.

ಮಾತಿಗೆ ಅನುಮತಿ ಸಿಕ್ಕಿದ್ದು ಅಳತೆಯಲ್ಲಿ, ಮಗುವಿಗೆ ಔಷಧಿ ಕೊಟ್ಟ ಹಾಗೆ. ಧ್ವನಿ ಚಿಕಿತ್ಸೆಗೆ ಅಂತ ಒಬ್ಬ ಹುಡುಗಿಯ ಹತ್ತಿರ ಕಳಿಸಿದರು. ಅವಳು ಆರಾಮಾಗಿ ನಿಮ್ಮ ಸ್ವಂತ ಧ್ವನಿಯಲ್ಲಿ ಹೆಸರು ಹೇಳಿ ಅಂದಳು. ಹುಡುಗಿ ತಾನಾಗಿ ಮಾತಾಡಿಸಿದ್ದಾಳೆ, ತೊದಲಿದೆ. ‘ಇದು ಮಿಮಿಕ್ರಿನಾ?’ ಅಂತ ಕೇಳಿದಳು. ಇಲ್ಲ ಮೇಡಂ, ಇದೇ ಒರಿಜಿನಲ್ ಅಂದೆ. ಬಿಸಿನೀರಿನ ಲೋಟಕ್ಕೆ ಸ್ಟ್ರಾ ಹಾಕಿ ಗುಳುಗುಳು ಊದಿಸಿದಳು, ಜೇನುನೊಣದ ಹಾಗೆ ಗುಂಯ್‌ಗುಡಿಸಿದಳು. ನಮ್ಮ ಬೀದಿಯ ನಾಯಿಗೂ ಆ ಗುಂಯ್ ರೂಢಿಯಾಯಿತು.

ನಿಮ್ಮಲ್ಲಿ ಯಾರಿಗಾದರೂ ಧ್ವನಿ ಕಟ್ಟಿ ವಾರಗಳಾದರೂ ಬಿಡದೇ ಇದ್ದರೆ, ಕಷಾಯದ ಲೋಟ ಕೆಳಗಿಟ್ಟು ಹೋಗಿ ತೋರಿಸಿ. ಕ್ಯಾಮೆರಾ ಇಳಿಸೋದು ಮೂಗಿಗೆ ಇರುವೆ ಹೊಕ್ಕ ಹಾಗಿರುತ್ತೆ, ಅಷ್ಟೇ. ಕಾಯೋದು ಅದಕ್ಕಿಂತ ಕಷ್ಟ. ಪಕ್ಕದಲ್ಲಿ ಕಿವಿ ಕೇಳದ ಒಬ್ಬ ಅಜ್ಜಿ ಸಿಕ್ಕರೆ ಬಿಡಬೇಡಿ.

ಈಗ ಮತ್ತೆ ಟರ್ಫ್‌ಗೆ ಹೋಗ್ತಿದೀನಿ. ಸಲೀಂ ಒಳ್ಳೆ ಮೈಕ್ ತಂದಿದ್ದಾನೆ, ಕೂಗಬೇಕಾಗಿಲ್ಲ. ಮೆಟ್ರೋ ಹೆಂಗಸು ಬಂದಳು, ಅಮ್ಮ ಬಂದಳು. ಸಾಹೇಬರನ್ನು ಮಾತ್ರ ಕರೆಸೋಕೆ ಮನಸ್ಸು ಬರಲಿಲ್ಲ. ಅವರ ಕಥೆಯ ಬಾಲ ಗೊತ್ತಾದ ಮೇಲೆ ಅವರನ್ನು ನಗೆಗೆ ನಿಲ್ಲಿಸೋದು ಸರಿಯೋ ತಪ್ಪೋ ಗೊತ್ತಾಗಲಿಲ್ಲ. ತಾತನನ್ನೇ ಕೇಳಿದೆ. ಮೊದಲು ಮಾಡಿ ತೋರಿಸು, ಆಮೇಲೆ ಹೇಳ್ತೀನಿ ಅಂದರು.

ಹಿತ್ತಲ ಕಟ್ಟೆಯ ಮೇಲೆ ತಾತ ಕೂತರು, ಕಣ್ಣು ಮುಚ್ಚಿದರು. ಅಮ್ಮ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನಿಂತಳು. ನಾನು ಗಂಟಲಿಗೆ ಜಾಸ್ತಿ ಕೆಲಸ ಕೊಡದೆ, ಹೇಳಿಕೊಟ್ಟ ಹಾಗೆ ಉಸಿರು ತೆಗೆದುಕೊಂಡು, ‘ಬಾ ಮಗಾ, ಶಂಕ್ರಪ್ಪಾ, ಬಲಗಡೆ ಓಡು ಮಗಾ, ಹಿಂದೆ ನೋಡ್ಬೇಡ’ ಅಂದೆ. ಮಾತು ಕೊನೆಯ ತನಕ ಹೋಯಿತು. ಎಲ್ಲೂ ನಿಲ್ಲಲಿಲ್ಲ.

ಹೆಂಗಿತ್ತು ತಾತ ಅಂತ ಕೇಳಿದೆ. ತಾತ ಕಣ್ಣು ತೆರೆದು, ಬೀಡಿ ಬಿಟ್ಟು ಎಷ್ಟೋ ವರ್ಷವಾದರೂ ಜೇಬು ತಡವಿಕೊಂಡು, ಆರಾಮಾಗಿ ಗೋಡೆಗೆ ಒರಗಿದರು.

‘ಒಂಚೂರೂ ಅವ್ನಂಗಿಲ್ಲ ಕಣ್ಲಾ. ಇಂಗೇ ಮಾಡ್ಕೊಂಡಿರು.’